ಅಡವಯ್ಯನವರ ಒಣಕೋಲು

ಮಾರ್ಚ್ ೧೨, ಮಂಗಳವಾರ, ಶಿರಾ

ಬೆಳಿಗ್ಗೆ ಬಂದ ಸಿಟ್ಟು ನೆನೆದರೆ ಈಗ ನಗು ಬರುತ್ತದೆ. ವಿದ್ಯುತ್ ಪ್ಯಾನೆಲ್‌ನಲ್ಲಿ ಎಲ್ಲಿ ಬಿಸಿಯೇರುತ್ತಿದೆ ಎಂದು ನೋಡಲು ಥರ್ಮಲ್ ಕ್ಯಾಮೆರಾ ಹೊತ್ತು ಹೋದರೆ, ಎಣ್ಣೆ ಮಿಲ್ಲಿನ ಮಾಲೀಕ ಅಡವಯ್ಯನವರು ಮಿಲ್ಲನ್ನೇ ನಿಲ್ಲಿಸಿಕೊಂಡು ಕೂತಿದ್ದರು.

"ನೀವು ಬತ್ತೀರ ಅಂತ ಎಲ್ಲಾ ಆಫ್ ಮಾಡ್ಸಿವ್ನಿ ಕಣಮ್ಮ."

ನಿಂತ ಮಿಲ್ಲಿನಲ್ಲಿ ಯಾವ ಬಿಸಿ ಕಾಣಬೇಕು? ಎಲ್ಲ ಮೋಟರನ್ನೂ ಓಡಿಸಿ ಎಂದೆ. ಒಲ್ಲದ ಮನಸ್ಸಿನಿಂದ ಓಡಿಸಿದರು.

ಪ್ಯಾನೆಲ್ಲಿನ ಒಂದು ಬೋಲ್ಟ್ ಕ್ಯಾಮೆರಾ ಪರದೆಯ ಮೇಲೆ ಕೆಂಡದಂತೆ ಕಂಡಿತು. ಸಡಿಲವಾಗಿತ್ತು. ಕರೆಂಟ್ ತೆಗೆಸಿ ಬಿಗಿ ಮಾಡಿಸಿದೆ. ಮತ್ತೆ ಓಡಿಸಿ ನೋಡಿದಾಗ ತಣ್ಣಗಿತ್ತು. ಖುಷಿಯಾಯಿತು.

ತಿರುಗಿದರೆ, ಅಡವಯ್ಯನವರು ನನ್ನ ಬೆನ್ನ ಹಿಂದೆಯೇ ಒಣಕೋಲು ಹಿಡಿದು ನಿಂತಿದ್ದಾರೆ!

"ಕರೆಂಟ್ ಹಿಡ್ಕಂಡ್ರೆ ಬಿಡ್ಸಕ್ಕೆ ಕಣಮ್ಮ," ಎಂದು ಕೋಲನ್ನು ಗೋಡೆಗೆ ಒರಗಿಸಿದರು.

ಕ್ಯಾಮೆರಾ ಅತ್ತ ತಿರುಗಿಸಿದೆ. ಕೋಲಿನ ಮೇಲೆ ಅವರ ಐದೂ ಬೆರಳಿನ ಗುರುತುಗಳು ಇನ್ನೂ ಬೆಚ್ಚಗೆ ಹೊಳೆಯುತ್ತಿದ್ದವು.