ಎರಡಕ್ಕಿಂತ ಮೇಲೆ ಬೇಡ

ಗಂಗೊಳ್ಳಿ, ೨೩೦೯ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕು

ಮಾನ್ಯ ಸುಧೀಂದ್ರ ಪಡಿಯಾರರಿಗೆ,

ನಿಮ್ಮ ಕಾಲಕ್ಕೆ ಹನ್ನೆರಡೇ ತಿಂಗಳು ಎಂಬುದು ಗೊತ್ತು. ಈ ತಾರೀಕನ್ನೂ ನನ್ನ ಕೆಲವು ವಿಚಿತ್ರ ಮಾತುಗಳನ್ನೂ ಮನ್ನಿಸಿ. ನಾನು ಗುಲಾಬಿ ಖಾರ್ವಿ, ಇಲ್ಲಿ ನದಿ ಕಡಲು ಸೇರುವ ಅಳಿವೆಯ ಕದ ಕಾಯುವವಳು. ಉಬ್ಬರಕ್ಕೆ ಮೊದಲು ಕದ ಮುಚ್ಚದಿದ್ದರೆ ಉಪ್ಪುನೀರು ಊರಿನ ಬಾವಿಗಳಿಗೆ ನುಗ್ಗುತ್ತದೆ. ಮುಚ್ಚುವ ಹೊತ್ತನ್ನು ಹೇಳುವುದು ನೀವು ಬರೆದ 'ಇಳಿತ' ಎಂಬ ಪುಟ್ಟ ಕೋಡ್ ಲೈಬ್ರರಿ. ಮುನ್ನೂರು ಸಾಲೂ ಇಲ್ಲದ ಅದು ಇಷ್ಟು ಕಾಲ ಬಾಳುತ್ತದೆಂದು ನೀವೂ ಅಂದುಕೊಂಡಿರಲಿಕ್ಕಿಲ್ಲ.

ಅದು ನೆಚ್ಚಿಕೊಂಡ ಬೇರೆ ಲೈಬ್ರರಿಗಳ ಯಾದಿಗೆ ನಾವು ಆಸರೆಪಟ್ಟಿ ಎನ್ನುತ್ತೇವೆ. ಕದಕ್ಕೆ ಹೊಸಬರು ಬಂದ ದಿನ ಅದನ್ನು ಗಟ್ಟಿಯಾಗಿ ಓದಬೇಕು. 'ಗಡಿಯಾರ: ಎರಡನೆಯ ಆವೃತ್ತಿಗಿಂತ ಮೇಲೆ ಬೇಡ' ಎಂಬ ನಿಮ್ಮ ಸಾಲು ಬಂದಾಗ ಎಲ್ಲರೂ ಕೈಮುಗಿಯುತ್ತೇವೆ. ಯಾಕೆ ಬೇಡ ಎಂದು ನೀವು ಬರೆಯಲಿಲ್ಲ. ಬರೆಯದ್ದಕ್ಕೇ ಅದು ದೇವರ ಮಾತಾಯಿತು.

ಆ ಎರಡನೆಯ ಆವೃತ್ತಿ ಓಡುವ ಯಂತ್ರ ಈಗ ಒಂದೇ ಉಳಿದಿದೆ, ಅದೂ ವಾರಕ್ಕೆರಡು ಸಲ ಕೈಕೊಡುತ್ತದೆ. ಗಡಿಯಾರವನ್ನು ಮೂರನೆಯ ಆವೃತ್ತಿಗೆ ಏರಿಸೋಣವೆಂದರೆ ಹಿರಿಯ ಕಾವಲುಗಾರ ಶೀನಣ್ಣ, "ಎಂತಕ್ ಮುಟ್ಟುದ್ ಮಾರಾಯ್ತಿ, ನಡೀತಾ ಇತ್ತಲ್ದಾ?" ಎಂದರು. ನನಗೆ ಸಿಟ್ಟು ಬಂತು. ಒಂದು ವರ್ಷ ಜೋಡಿಓಟ ನಡೆಸಿದೆ. ಅಂದರೆ ಕದ ನಡೆಸುವುದು ಹಳೆಯದೇ, ಹೊಸದು ಪಕ್ಕದಲ್ಲಿ ಕೂತು ಹೊತ್ತನ್ನಷ್ಟೇ ಹೇಳುತ್ತದೆ. ದಿನಾ ಬೆಳಗ್ಗೆ ಮೀನು ಕೊಯ್ಯುವ ಮೊದಲು ಎರಡನ್ನೂ ಹೋಲಿಸುತ್ತಿದ್ದೆ. ಕೊನೆಗೂ ನಿಮ್ಮ 'ಬೇಡ'ದ ಕಾರಣ ಸಿಕ್ಕಿತು. ಹಳೆಯ ಗಡಿಯಾರ ಮಿಕ್ಕ ಸೆಕೆಂಡುಗಳನ್ನು ಬಿಟ್ಟುಬಿಡುತ್ತದೆ, ಹೊಸದು ಅವನ್ನು ಪೂರ್ತಿ ನಿಮಿಷ ಮಾಡಿಬಿಡುತ್ತದೆ. ಕದ ಒಂದು ನಿಮಿಷ ತಡ. ಅಷ್ಟು ಸಾಕು, ಕೆಳಕೇರಿಯ ಬಾವಿಗಳೆಲ್ಲ ಕೆಡಲು. ನೀವು ಸರಿಯಾಗಿಯೇ ಬೇಡ ಅಂದಿದ್ದಿರಿ. ನಿಮ್ಮ ಮೇಲೆ ಪ್ರೀತಿ ಉಕ್ಕಿತು, ಎದುರಿಗಿದ್ದರೆ ಎರಡು ಬಾರಿಸುತ್ತಲೂ ಇದ್ದೆ.

ಗಡಿಯಾರದಿಂದ ಸೆಕೆಂಡುಗಳನ್ನೇ ಕೇಳಿ, ಮಿಕ್ಕದ್ದನ್ನು ತಾನೇ ಬಿಡುವಂತೆ 'ಇಳಿತ'ದ ಒಂದು ಸಾಲು ತಿದ್ದಿದೆ. ಆಮೇಲೆ ನಾಲ್ಕು ತಿಂಗಳು ಎರಡೂ ಒಂದೇ ಹೊತ್ತು ಹೇಳಿವೆ. ನಾಳೆ ಬೆಳಗಿನ ಉಬ್ಬರಕ್ಕೆ ಕದವನ್ನು ಹೊಸದಕ್ಕೆ ಒಪ್ಪಿಸುತ್ತೇನೆ. ನನಗೆ ಹೆದರಿಕೆಯಿಲ್ಲ. ಶೀನಣ್ಣ ಮಾತ್ರ ಮನೆಯ ಕೊಡಗಳಿಗೆಲ್ಲ ಸಿಹಿನೀರು ತುಂಬಿಸಿಟ್ಟಿದ್ದಾರೆ.

ಪಟ್ಟಿಯಲ್ಲಿ 'ಗಡಿಯಾರ: ಮೂರು ಆಗಬಹುದು, ನಾಲ್ಕನ್ನು ಇನ್ನೂ ನೋಡಿಲ್ಲ' ಎಂದು ಬರೆದು, ಅದರ ಕೆಳಗೆ ಸೆಕೆಂಡುಗಳ ಕಥೆಯನ್ನೂ ನಿಮ್ಮ ಹೆಸರನ್ನೂ ಸೇರಿಸಿದ್ದೇನೆ. ಈ ಪತ್ರ ಸಿಕ್ಕಿದರೆ ನೀವೂ ಆ ಸಾಲಿನ ಪಕ್ಕ ಕಾರಣ ಬರೆಯಿರಿ, ಊಟಕ್ಕೆ ಐದು ನಿಮಿಷ ತಡವಾದರೆ ಆಗಲಿ. ಸಿಗದಿದ್ದರೂ ಚಿಂತೆಯಿಲ್ಲ. ನನ್ನ ನಂತರ ಬರುವವಳು ಆ ಸಾಲಿಗೆ ಕೈಮುಗಿಯುವುದಿಲ್ಲ. ಓದುತ್ತಾಳೆ, ಬೇಕಾದರೆ ತಿದ್ದುತ್ತಾಳೆ.

ನಿಮ್ಮ ಕದ ಕಾಯುವ,
ಗುಲಾಬಿ