ಹೊರಗೆ ಹೋದರೇ ಕಾಣುವ ಕ್ಯಾಮೆರಾ

ತಮ್ಮಾ,

ರೂಟರ್ ಕೆಟ್ಟಿಲ್ಲ. ಮತ್ತೆ ರೀಸೆಟ್ ಒತ್ತಿ ನನ್ನ ಪ್ರಾಣ ತಿನ್ನಬೇಡ. ಅಮ್ಮನ ಕೋಣೆಯ ಕ್ಯಾಮೆರಾ ಹೊರಗಿಂದಲೂ ಕಾಣಲಿ ಅಂತ ರೂಟರಿನಲ್ಲಿ ಪೋರ್ಟ್ ಅನ್ನೋ ಒಂದು ಕಿಂಡಿ ತೆರೆದಿದ್ದೀನಿ. ನೀನು ಮನೆಯ ವೈಫೈನಲ್ಲೇ ಕೂತು ಹೊರಗಿನ ವಿಳಾಸ ಹಾಕಿದರೆ ನಮ್ಮ ರೂಟರ್ ಅದನ್ನು ತಿರುಗಿಸಿ ಒಳಗೆ ಕಳಿಸಲ್ಲ. ಹೊರಗೆ ಹೋಗಿಯೇ ನೋಡಬೇಕು.

ನಾಲ್ಕಕ್ಕೆ ಅಮ್ಮನ ಜೊತೆ ಇರೋಕೆ ಅತ್ತೆ ಬರ್ತಾರೆ. ಗಡ್ಡ ಬೋಳಿಸ್ಕೊಂಡು ಪಾರ್ಕಿನ ತನಕ ನಡಿ. ಅಲ್ಲಿ ಫೋನಿನ ವೈಫೈ ಆಫ್ ಮಾಡಿ ನೋಡು.

ನೀನು ಹೊರಗೆ ಹೋಗಿದ್ದಾಗಲೇ ಅಮ್ಮ ಬಿದ್ದಿದ್ದು, ನಿಜ. ಹಾಗಂತ ಅವತ್ತಿಂದ ಗೇಟೇ ದಾಟದೆ ಕೂತರೆ ಅವಳ ಮೂಳೆ ಬೇಗ ಕೂಡಲ್ಲ. "ಇವನು ಸ್ವಲ್ಪ ಹೊರಗೆ ಹೋದರೆ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ ಕಣೇ" ಅಂತ ನಿನ್ನೆ ಅವಳೇ ಅಂದಳು.

ನಾನೂ ಆಫೀಸಿಂದ ನೋಡ್ತೀನಿ. ಅಮ್ಮನ ಪಕ್ಕದ ನಿನ್ನ ಕುರ್ಚಿ ಖಾಲಿ ಇರಬೇಕು.

ಅಕ್ಕ