ಬಾಯಿ ಮೇಲೆ ಐದು ಬೆರಳು

ಮಿಲ್ಬರ್ನ್ ಫೋರ್ಕ್, ನೆಬ್ರಾಸ್ಕ
9 ಅಕ್ಟೋಬರ್ 1987, ಶುಕ್ರವಾರ

ಪ್ರೀತಿಯ ಮಗ ಲೈಲ್,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೆ? ಜೈಲಿನಲ್ಲಿ ಕೊಟ್ಟ ಹೊದಿಕೆ ತೆಳು ಎಂದು ಬರೆದಿದ್ದೆಯಲ್ಲ, ಉಣ್ಣೆಯದೊಂದನ್ನು ತಂದಿದ್ದೆ. ಕೌಂಟರಿನವಳು ಮುಟ್ಟಿಯೂ ನೋಡದೆ ವಾಪಸ್ ಕಳಿಸಿದಳು. ನನಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ನಿನ್ನ ನಾಯಿ ಗ್ಯಾರೇಜಿನ ಬಾಗಿಲಲ್ಲೇ ಮಲಗುತ್ತದೆ, ಎಷ್ಟು ಕರೆದರೂ ಒಳಗೆ ಬರುವುದಿಲ್ಲ.

ಶಾಲೆಗೆ ರಜೆ ಹಾಕಿದ್ದೇನೆ. ಎಂಟನೇ ತರಗತಿಗೆ ಈ ವಾರ ಹಕ್ಕುಗಳ ಪಾಠ, ನನ್ನಿಂದಾಗದು. ಮೂವತ್ತೊಂದು ವರ್ಷ ಅದನ್ನು ಬೆರಳಲ್ಲೇ ಕಲಿಸಿದೆ, ನಿನಗೂ ಕಲಿಸಿದ್ದೆ. ಸಂವಿಧಾನದ ನಾಲ್ಕನೆಯ ತಿದ್ದುಪಡಿಗೆ ನಾಲ್ಕು ಬೆರಳು ಮುಂದಕ್ಕೆ: ವಾರಂಟ್ ಇಲ್ಲದೆ ನನ್ನ ಮನೆಯೊಳಗೆ ಕಾಲಿಡಬೇಡ. ಐದನೆಯದಕ್ಕೆ ಐದೂ ಬೆರಳು ಬಾಯಿ ಮೇಲೆ: ನನ್ನ ವಿರುದ್ಧ ನಾನೇ ಮಾತಾಡುವುದಿಲ್ಲ. ಕಳೆದ ತಿಂಗಳು ಸಂವಿಧಾನಕ್ಕೆ ಇನ್ನೂರು ವರ್ಷ ತುಂಬಿದ ಮೆರವಣಿಗೆಯಲ್ಲಿ ಅರವತ್ತು ಮಕ್ಕಳು ಹಾಗೆ ಬಾಯಿಗೆ ಕೈಯಿಟ್ಟು ನಡೆದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಮುಂದೆ ನಾನು, ತಲೆಯ ಮೇಲೊಂದು ಕಾಗದದ ಟೋಪಿ. ಥೂ, ನೆನೆಸಿಕೊಂಡರೆ ನನಗೇ ಅಸಹ್ಯ.

ಮೆರವಣಿಗೆ ಗುರುವಾರ, ಬೀಜದ ಅಂಗಡಿ ಸುಟ್ಟದ್ದು ಶನಿವಾರ. ಮಾಲೀಕ ನಿನ್ನನ್ನು ಕೆಲಸದಿಂದ ತೆಗೆದು ಆಗ ತಿಂಗಳಾಗಿತ್ತು. ಭಾನುವಾರ ಮಧ್ಯಾಹ್ನವೇ ವೆಂಡೆಲ್ ಬಂದ. ಹಕ್ಕುಗಳ ಪರೀಕ್ಷೆಯಲ್ಲಿ ನನ್ನಿಂದ ನೂರಕ್ಕೆ ನೂರು ತೆಗೆದುಕೊಂಡ ಹುಡುಗ, ಈಗ ಶೆರಿಫನ ಕೈಕೆಳಗಿನ ಪೊಲೀಸ್. ಹ್ಯಾಟು ಕೈಯಲ್ಲಿ ಹಿಡಿದು ಹೊಸ್ತಿಲಾಚೆಯೇ ನಿಂತ. "ಟೀಚರ್, ಒಳಗೆ ಒಂಚೂರು ನೋಡ್ಬಹುದಾ? ವಾರಂಟ್ ತಂದಿಲ್ಲ, ಬೇಡ ಅಂದ್ರೆ ಹೊರಟ್ಹೋಗ್ತೀನಿ" ಎಂದ. ನಾನು ನಕ್ಕುಬಿಟ್ಟೆ. "ಅಯ್ಯೋ, ಬಾರೋ. ನಮ್ಮನೇಲಿ ಮುಚ್ಚಿಡೋಂಥದ್ದು ಏನಿದೆ?" ಎಂದೆ. ಕಾಫಿ ಕೊಟ್ಟೆ, ಆಪಲ್ ಪೈ ಕೊಟ್ಟೆ. ತಿಂದ ತಟ್ಟೆಯನ್ನು ತಾನೇ ತೊಳೆದಿಟ್ಟು, ಗ್ಯಾರೇಜಿಗೆ ಹೋಗಿ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಇಟ್ಟಿದ್ದ ಪೆಟ್ರೋಲ್ ಡಬ್ಬಿ ಹಿಡಿದುಕೊಂಡು ಬಂದ. ನಿನಗೆ ಮಾತ್ರ ಬುದ್ಧಿಯಿತ್ತು. "ಅಮ್ಮಾ, ಯಾರಾದ್ರೂ ವಕೀಲರನ್ನ ಕೇಳೋಣ್ವಾ?" ಎಂದೆ. ನಾನು ಗದರಿಸಿದೆ: "ತಪ್ಪು ಮಾಡದೇ ಇರೋನಿಗೆ ವಕೀಲ ಯಾಕೋ? ಹೋಗು, ಇದ್ದದ್ದು ಇದ್ದ ಹಾಗೆ ಹೇಳು." ನೀನು ವೆಂಡೆಲ್ ಜೊತೆ ಠಾಣೆಗೆ ಹೋದೆ, ನಾಲ್ಕು ಗಂಟೆ ಕಾಲ ಕೂತು ಎಲ್ಲ ಹೇಳಿದೆ. ಮಾಲೀಕನ ಮೇಲಿನ ಸಿಟ್ಟನ್ನು ಹೇಳಿದೆ, ಆ ಶನಿವಾರ ಸಂಜೆ ಅವನ ಮುಚ್ಚಿದ ಅಂಗಡಿ ಮುಂದೆ ನಿಂತು ಕೂಗಾಡಿದ್ದನ್ನೂ ಹೇಳಿದೆ. ನಿನ್ನನ್ನು ಅಲ್ಲಿ ಯಾರೂ ನೋಡಿರಲಿಲ್ಲ.

ಸರ್ಕಾರ ನಿನಗೆ ಕೊಟ್ಟ ವಕೀಲೆ ಮಿಸ್ ಕಾರ್ಬೋನ್ ಇದನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟಳು. "ಮೇಡಂ, ನೀವು ಪಾಠ ಮಾಡೋದು ಇದನ್ನೇ ಅಲ್ವಾ?" ಎಂದಳು. ಇದನ್ನೇ. ಆದರೆ ಆ ಹಕ್ಕುಗಳೆಲ್ಲ ಕಳ್ಳರಿಗೆ, ದೊಡ್ಡ ಊರುಗಳ ಪುಂಡರಿಗೆ ಬೇಕಾದವು, ನಮ್ಮಂಥವರಿಗೆ ಪರೀಕ್ಷೆಯಲ್ಲಿ ಬರೆಯಲು ಬಂದರೆ ಸಾಕು ಎಂದುಕೊಂಡಿದ್ದೆ. ವೆಂಡೆಲನನ್ನು ಬೈಯೋಣವೆಂದರೆ ಅವನು ಒಂದು ನಿಯಮವನ್ನೂ ಮುರಿದಿಲ್ಲ. ಅವನು ಕೇಳಿದ, ನಾನು ಕೊಟ್ಟೆ. ಮೊನ್ನೆ ಚರ್ಚಿನಲ್ಲಿ ಪಕ್ಕದ ಮನೆಯ ಓಪಲ್ ನನ್ನ ಬೆಂಚಿನಿಂದ ಎದ್ದು ಹೋಗುತ್ತ, "ತಪ್ಪು ಮಾಡದೇ ಇರೋನಿಗೆ ವಕೀಲ ಯಾಕೆ ಬೇಕಿತ್ತೋ" ಎಂದಳು. ಅವಳನ್ನು ಬೈಯುವ ಯೋಗ್ಯತೆಯೂ ನನಗಿಲ್ಲ.

ನವೆಂಬರ್ ಒಂಬತ್ತಕ್ಕೆ ವಿಚಾರಣೆ. ಸೋತರೆ ಹನ್ನೆರಡು ವರ್ಷವಂತೆ. ನೀನು ಬೆಂಕಿ ಇಟ್ಟಿಲ್ಲ, ನನಗೆ ಗೊತ್ತು. ಹೆತ್ತವಳಿಗೆ ಗೊತ್ತಿರುವುದನ್ನು ಯಾವ ಜ್ಯೂರಿ ಕೇಳುತ್ತದೆ? ಹೊಟ್ಟೆ ತುಂಬ ತಿನ್ನು, ಯಾರ ತಂಟೆಗೂ ಹೋಗಬೇಡ. ದೇವರು ನಿನ್ನನ್ನು ಕಾಯಲಿ, ನಾನು ಕಾಯಲಿಲ್ಲ.

ನಿನ್ನ ಅಮ್ಮ,
ವರ್ನಾ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ಮಿಸ್ ಕಾರ್ಬೋನ್ ಫೋನ್ ಮಾಡಿದಳು. ಜೈಲಿನ ಕಾಗದಗಳನ್ನು ಅಲ್ಲಿಯವರು ಒಡೆದು ಓದುತ್ತಾರಂತೆ. ಎಲ್ಲ ಬರೆದು ಮನಸ್ಸು ಹಗುರ ಮಾಡಿಕೋ ಎಂದು ಹೇಳಿದವಳೂ ನಾನೇ. "ಅವನ ಅಂಗಡಿ ಸುಟ್ಟುಹೋಗಿದ್ದಕ್ಕೆ ನಂಗೇನೂ ಬೇಜಾರಿಲ್ಲಮ್ಮ" ಎಂದು ನೀನು ಬರೆದ ಸಾಲಿಗೆ ಕೆಂಪು ಗೆರೆ ಎಳೆದು ಕಡತಕ್ಕೆ ಸೇರಿಸಿದ್ದಾರೆ. ನಾನು ಮೇಲೆ ಬರೆದದ್ದೆಲ್ಲ ಅವರಿಗೆ ಗೊತ್ತಿರುವುದೇ, ಓದಿಕೊಳ್ಳಲಿ. ನೀನು ಉತ್ತರ ಬರೆಯಬೇಡ. ಕೆಮ್ಮು ಹೇಗಿದೆ ಎಂದು ಕೇಳಿದ್ದೇನಲ್ಲ, ಅದಕ್ಕೂ ಬೇಡ. ಐದೂ ಬೆರಳು ಬಾಯಿ ಮೇಲಿರಲಿ. ದಿನಾ ಅಂಚೆ ಪೆಟ್ಟಿಗೆ ತೆಗೆದು ನೋಡುತ್ತೇನೆ. ಅದು ಖಾಲಿ ಇದ್ದರೆ, ಮಗ ಪಾಠ ಕಲಿತ ಎಂದುಕೊಳ್ಳುತ್ತೇನೆ.